ಕುಡಿಯಲು ಯೋಗ್ಯ

ವೇದಾವತಿಯ ದಂಡೆಯಲ್ಲಿ ಓಬಳಜ್ಜನ ಆಶ್ರಮ. ತಗಡಿನ ನಾಲ್ಕು ಸೂರು, ಒಂದು ಬೇವಿನ ಮರ, ಒಂದಷ್ಟು ಹಸು. ಅಲ್ಲಿ ಪವಾಡ ನಡೆಯುತ್ತಿರಲಿಲ್ಲ. ಅಜ್ಜನಿಗೆ ಅದರ ಆಸೆಯೂ ಇರಲಿಲ್ಲ.

ಅಲ್ಲಿಗೆ ಬರುವವರು ಹೆಚ್ಚಾಗಿ ಕೆಲಸ ಬಿಟ್ಟವರು. ಬ್ಯಾಂಕು ಬಿಟ್ಟವರು, ಕಾಲೇಜು ಬಿಟ್ಟವರು. ಒಬ್ಬನಂತೂ ಪೊಲೀಸು ಕೆಲಸ ಬಿಟ್ಟು ಬಂದಿದ್ದ. ಎಲ್ಲರಿಗೂ ಬೇಕಾಗಿದ್ದುದು ಅರ್ಥವಿರುವ ಕೆಲಸ. ಹಳೆಯ ಕೆಲಸದಲ್ಲಿ ಅರ್ಥ ಇರಲಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ರುದ್ರಮುನಿ ಬಂದು ಒಂಬತ್ತು ತಿಂಗಳಾಗಿತ್ತು. ವಯಸ್ಸು ನಲವತ್ಮೂರು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಹದಿನೈದು ವರ್ಷ ತಾಲ್ಲೂಕು ಪಟ್ಟಣವೊಂದರ ನೀರು ಸರಬರಾಜು ಕಚೇರಿಯಲ್ಲಿ ನೀರಿನ ಪರೀಕ್ಷಕನಾಗಿದ್ದ.

ಅಜ್ಜ ಅವನನ್ನು ಮೊದಲು ದನದ ಕೊಟ್ಟಿಗೆಗೆ ಹಾಕಿದ. ಮೂರು ವಾರದ ಮೇಲೆ ರುದ್ರಮುನಿ ಬಂದು ಹೇಳಿದ:

"ಇದು ನನ್ನದಲ್ಲ, ಅಜ್ಜ."

ಆಮೇಲೆ ಮಗ್ಗ. ಅದೂ ಅವನದಲ್ಲ. ಆಮೇಲೆ ಅಡುಗೆಮನೆ, ಹನ್ನೊಂದು ದಿನ. ಅದು ಅವನದಲ್ಲ ಎಂದು ಉಂಡವರೇ ಹೇಳಿದರು.

ಕೊನೆಗೆ ಅವನದು ಸಿಕ್ಕಿತು. ಮಾತು. ಭಾನುವಾರಗಳಂದು ಪಟ್ಟಣದಿಂದ ಬರುವ ದಣಿದ ಜನರ ಮುಂದೆ ಕೂತು, ಬೇಡದ ಕೆಲಸವನ್ನು ಬಿಡುವ ಧೈರ್ಯದ ಬಗ್ಗೆ ಮಾತಾಡುತ್ತಿದ್ದ. ಚೆನ್ನಾಗಿಯೇ ಮಾತಾಡುತ್ತಿದ್ದ. ಅವನ ಮಾತು ಕೇಳಿ ಇಬ್ಬರು ರಾಜೀನಾಮೆ ಕೊಟ್ಟರು. ಒಬ್ಬ ಧನ್ಯವಾದ ಹೇಳಿ ಪತ್ರ ಬರೆದ. ಇನ್ನೊಬ್ಬನ ಸುದ್ದಿ ಬರಲಿಲ್ಲ.

"ಇದೇ ಅಜ್ಜ ನನ್ನ ಕೆಲಸ. ಕಾಯಂ ಮಾಡಿ," ಎಂದ ರುದ್ರಮುನಿ.

"ಆಗಲಿ. ನಾಳೆ ಬೆಳಿಗ್ಗೆ ಹೊಳೆಗೆ ಬಾ," ಎಂದ ಅಜ್ಜ.

ಅದು ಅಲ್ಲಿಯ ಪದ್ಧತಿ. ಹೊಸ ಕೆಲಸ ಕಾಯಂ ಆಗುವ ಮೊದಲು ಮೊಣಕಾಲುದ್ದ ನೀರಿಗಿಳಿದು ನಿಲ್ಲಬೇಕು. ಅಜ್ಜ ಎದುರು ನಿಂತು ಎರಡು ಪ್ರಶ್ನೆ ಕೇಳುತ್ತಾನೆ. ಏನು ಮಾಡುತ್ತಿದ್ದೆ? ಅದನ್ನು ಈಗ ಯಾರು ಮಾಡುತ್ತಿದ್ದಾರೆ? ಉತ್ತರ ಹೇಳಿ ಮೂರು ಸಲ ಮುಳುಗಿ ಎದ್ದರೆ ಮುಗಿಯಿತು. ಎರಡನೆಯ ಪ್ರಶ್ನೆ ಬರೀ ಶಾಸ್ತ್ರ ಎಂದು ಎಲ್ಲರೂ ತಿಳಿದಿದ್ದರು. ಬಿಟ್ಟುಬಂದ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುತ್ತಾನೆ, ಅಷ್ಟೆ.

ಬೆಳಿಗ್ಗೆ ಆಶ್ರಮದವರೆಲ್ಲ ದಂಡೆಯಲ್ಲಿ ನಿಂತಿದ್ದರು.

"ಏನು ಮಾಡ್ತಿದ್ದೆ?" ಅಜ್ಜ ಕೇಳಿದ.

"ಸಹಿ ಹಾಕ್ತಿದ್ದೆ."

ಈ ಉತ್ತರವನ್ನು ರುದ್ರಮುನಿ ಮೊದಲೇ ಯೋಚಿಸಿಟ್ಟಿದ್ದ. ದಂಡೆಯ ಮೇಲಿದ್ದವರು ನಕ್ಕರು. ಅವನಿಗೆ ಹಿತವಾಯಿತು.

"ದಿನಾ ಬೆಳಿಗ್ಗೆ ಒಂದು ಚೀಟಿ, ಅಜ್ಜ. 'ಇಂದಿನ ನೀರು ಕುಡಿಯಲು ಯೋಗ್ಯ.' ಕೆಳಗೆ ನನ್ನ ಸಹಿ. ಅದನ್ನ ಟ್ಯಾಂಕಿನ ಹತ್ತಿರ ಬೋರ್ಡಿಗೆ ಅಂಟಿಸೋದು. ಹದಿನೈದು ವರ್ಷ ಅದೇ ಚೀಟಿ, ಅದೇ ಸಹಿ. ಯಾರೂ ಓದ್ತಿರಲಿಲ್ಲ. ಒಂದಿನ ಅನ್ನಿಸ್ತು, ಇಲ್ಲಿ ನಾನು ಅನ್ನೋನೇ ಇಲ್ಲ ಅಂತ."

"ಈಗ ಯಾರು ಮಾಡ್ತಿದ್ದಾರೆ?"

"ಯಾರೂ ಇಲ್ಲ."

ಅಜ್ಜ ಒಂದು ಹೆಜ್ಜೆ ಹತ್ತಿರ ಬಂದ.

"ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಹಂಗಂತ ನಾನೇನು ಊರನ್ನ ತೊಂದರೆಗೆ ಸಿಕ್ಕಿಸಿ ಬರಲಿಲ್ಲ, ಅಜ್ಜ. ಒಂದು ಭಾನುವಾರ ಪೂರ್ತಿ ಕೂತು ಮೂರು ತಿಂಗಳಿಗಾಗೋಷ್ಟು ಚೀಟಿಗೆ ಸಹಿ ಹಾಕಿ ಇಟ್ಟು ಬಂದೆ. ದಿನಾಂಕ ಬರೆದು ಅಂಟಿಸಿದ್ರೆ ಸಾಕು."

ಊರಿಗೆ ಹೋಗುವ ಮುಂಚೆ ಪಕ್ಕದ ಮನೆಯವರ ಗಿಡಕ್ಕೂ ನೀರು ಹಾಕಿ ಬಂದೆ ಎನ್ನುವವನ ವಿನಯದಲ್ಲಿ ಹೇಳಿದ.

"ಏನಂದೆ?" ಎಂದ ಅಜ್ಜ.

"ಚೀಟಿಗೆ ಸಹಿ..."

"ನೀರು ನೋಡದೇನೇ?"

"ಮುಂದೆ ಬರೋ ನೀರನ್ನ ಈಗಲೇ ಹೇಗೆ ನೋಡೋಕಾಗುತ್ತೆ, ಅಜ್ಜ?"

ಅಜ್ಜ ನಿಂತಲ್ಲೇ ಕುಸಿದು ನೀರಿನಲ್ಲಿ ಕೂತ. ಅವನ ಪಂಚೆ ತೇಲಿತು. ಲಕ್ವ ಹೊಡೆಯಿತೆಂದು ದಂಡೆಯಿಂದ ಇಬ್ಬರು ಓಡಿಬಂದರು. ಅಜ್ಜನ ಮುಖದಲ್ಲಿ ಹೆದರಿಕೆಯನ್ನು ಅವರು ಯಾರೂ ಅದುವರೆಗೆ ನೋಡಿರಲಿಲ್ಲ. ನೋಡಿದ ಮೇಲೆ ಅವರಿಗೂ ಹೆದರಿಕೆಯಾಯಿತು. ಯಾತಕ್ಕೆಂದು ಮಾತ್ರ ಗೊತ್ತಾಗಲಿಲ್ಲ.

"ಆ ಊರಿಗೆ ಬಸ್ಸು ಎಷ್ಟೊತ್ತಿಗೆ?" ಅಜ್ಜ ಕೇಳಿದ.

"ಅಜ್ಜ, ಮುಳುಗೋದು ಇನ್ನೂ..."

"ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದೆ."

ಒದ್ದೆ ಬಟ್ಟೆಯಲ್ಲೇ ಬಸ್ಸು ಹತ್ತಿದರು. ಒಂದೇ ಸೀಟಿನಲ್ಲಿ ಕೂತರು.

"ನೀರು ಪರೀಕ್ಷೆ ಮಾಡೋದು ಹೆಂಗೆ?" ಅಜ್ಜ ಕೇಳಿದ.

"ಕಷ್ಟ ಏನಿಲ್ಲ. ಒಂದು ಸಣ್ಣ ಬಾಟಲಿ, ಒಳಗೆ ಔಷಧ ಇರುತ್ತೆ. ಗೆರೆವರೆಗೆ ನೀರು ತುಂಬಿ ಒಂದು ದಿನ ಇಡೋದು. ನೀರು ಕೆಟ್ಟಿದ್ರೆ ಕಪ್ಪಾಗುತ್ತೆ."

"ಕೊನೇ ಸಲ ಯಾವಾಗ ಮಾಡಿದ್ದೆ?"

"ಬಿಡೋಕೆ ಮುಂಚೆ."

"ಯಾವಾಗ?"

ರುದ್ರಮುನಿ ಕಿಟಕಿಯ ಹೊರಗೆ ನೋಡಿದ.

"ಮೊದಮೊದಲು ದಿನಾ ಮಾಡ್ತಿದ್ದೆ. ಆಮೇಲೆ ವಾರಕ್ಕೊಂದು. ಯಾವಾಗಲೂ ಚೆನ್ನಾಗೇ ಬರ್ತಿತ್ತು, ಅಜ್ಜ. ನೋಡಿದ್ರೂ ಅದೇ, ನೋಡದಿದ್ರೂ ಅದೇ. ಕೊನೇ ನಾಲ್ಕು ವರ್ಷ..."

ಅಜ್ಜ ಎದ್ದು ಹೋಗಿ ಆಚೆ ಕಡೆಯ ಸೀಟಿನಲ್ಲಿ ಕೂತ.

ಟ್ಯಾಂಕು ಊರ ನಡುವೆ ಇತ್ತು. ಕೆಳಗೆ ಸಾಲು ನಲ್ಲಿ, ಮುಂದೆ ಕೊಡಗಳ ಸರದಿ. ಪಕ್ಕದಲ್ಲಿ ಬೋರ್ಡು. ಬೋರ್ಡಿನಲ್ಲಿ ಚೀಟಿ.

ಇಂದಿನ ನೀರು ಕುಡಿಯಲು ಯೋಗ್ಯ. ಅವತ್ತಿನದೇ ದಿನಾಂಕ. ಕೆಳಗೆ ರುದ್ರಮುನಿಯ ಸಹಿ.

ರುದ್ರಮುನಿ ಬೋರ್ಡಿನ ಮುಂದೆ ನಿಂತುಬಿಟ್ಟ. ಮೂರು ತಿಂಗಳಿನ ಚೀಟಿ ಒಂಬತ್ತು ತಿಂಗಳು ಬರುವುದು ಹೇಗೆ ಎಂದು ಅವನ ಎಂ.ಎಸ್ಸಿ. ತಲೆಗೆ ಹೊಳೆಯಲಿಲ್ಲ.

"ಅಯ್ಯೋ ಸಾರ್! ರಜಾ ಮುಗೀತಾ?"

ಕಚೇರಿಯ ಅಟೆಂಡರ್ ಹೊನ್ನೂರಮ್ಮ. ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಗೋಂದಿನ ಡಬ್ಬಿ ಇತ್ತು.

"ರಜಾ ಅಲ್ಲ, ಹೊನ್ನೂರಮ್ಮ. ನಾನು ಕೆಲಸ ಬಿಟ್ಟೆ."

"ಬಿಟ್ರಾ?" ಅವಳು ಬೋರ್ಡು ನೋಡಿದಳು, ಅವನನ್ನು ನೋಡಿದಳು. "ಮತ್ತೆ ಇದು?"

"ಒಂಬತ್ತು ತಿಂಗಳು ರಜಾ ಅಂದ್ಕೊಂಡಿದ್ಯಾ?"

"ದೊಡ್ಡೋರ ರಜಾ ನಂಗೇನ್ ಗೊತ್ತು ಸಾರ್."

"ನಾನು ಇಟ್ಟು ಹೋಗಿದ್ದು ಮೂರು ತಿಂಗಳಿಗೆ."

"ಹೂಂ ಸಾರ್, ತೀರಿಹೋದ್ವು. ನೀವು ಬರ್ಲಿಲ್ಲ. ಕೊನೇದೊಂದು ಇಟ್ಕೊಂಡು ಜೆರಾಕ್ಸ್ ಮಾಡಿಸ್ದೆ." ಶಹಬ್ಬಾಸ್ ಎಂದಾನು ಎಂಬಂತೆ ಅವನ ಮುಖ ನೋಡಿದಳು. "ಒಂದಿನಾನೂ ತಪ್ಪಿಸಿಲ್ಲ ಸಾರ್. ಜ್ವರ ಬಂದಾಗ್ಲೂ ಬಂದು ಅಂಟಿಸಿ ಹೋಗಿದ್ದೀನಿ."

ಒಂಬತ್ತು ತಿಂಗಳಿಂದ ರುದ್ರಮುನಿ ಹೊಳೆದಂಡೆಯಲ್ಲಿ ತನ್ನನ್ನು ತಾನು ಹುಡುಕುತ್ತಿದ್ದ. ಅಷ್ಟೂ ದಿನ ಅವನು ಇಲ್ಲಿದ್ದ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಸರಿಯಾಗಿ.

ಅವನು ತಿರುಗಿ ನೋಡುವಷ್ಟರಲ್ಲಿ ಅಜ್ಜ ಯಾರದೋ ಚೊಂಬು ಇಸಿದುಕೊಂಡು ನಲ್ಲಿಗೆ ಹಿಡಿದಿದ್ದ. ಚೊಂಬು ತುಂಬಿತು. ಅಜ್ಜ ಎತ್ತಿ ಕುಡಿಯತೊಡಗಿದ.

"ಅಜ್ಜ! ಬೇಡ!"

ಅಜ್ಜ ನಿಲ್ಲಿಸಲಿಲ್ಲ. ಗಂಟಲು ಮೇಲೆ ಕೆಳಗೆ ಆಡಿತು. ಚೊಂಬು ಖಾಲಿಯಾಯಿತು.

"ಯಾಕೆ ಬೇಡ?" ಬಾಯಿ ಒರೆಸಿಕೊಂಡು ಅಜ್ಜ ಕೇಳಿದ. "ಬೋರ್ಡು ಓದಿದೆ. ಯೋಗ್ಯ ಅಂತಿದೆ. ಸಹಿ ಮಾಡಿರೋನೂ ಗುರುತಿನೋನು."

"ಪರೀಕ್ಷೆ ಮಾಡಿಲ್ಲ ಅಂತ ಬಸ್ಸಲ್ಲೇ ಹೇಳಿದ್ನಲ್ಲ ಅಜ್ಜ!"

"ನನಗೆ ಹೇಳಿದೆ. ಇವರಿಗೆ?"

ಕೊಡ ಹಿಡಿದು ನಿಂತವರು ತಿರುಗಿ ನೋಡಿದರು.

"ನೀನಿದನ್ನ ಕುಡೀತಿದ್ಯಾ, ಹದಿನೈದು ವರ್ಷ?"

"ಮನೇಲಿ..." ರುದ್ರಮುನಿಯ ದನಿ ಇಳಿಯಿತು. "ಮನೇಲಿ ಫಿಲ್ಟರ್ ಇತ್ತು."

ಹೊನ್ನೂರಮ್ಮ ಗೋಂದಿನ ಡಬ್ಬಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ಅವಳ ಮನೆಯಲ್ಲಿ ಫಿಲ್ಟರ್ ಇರಲಿಲ್ಲ.

"ಈಗ ಹೇಳು. ಇವತ್ತಿನ ನೀರು ಹೆಂಗಿದೆ?" ಎಂದ ಅಜ್ಜ.

"ಗೊತ್ತಿಲ್ಲ, ಅಜ್ಜ."

"ಹಂಗೇ ಬರಿ."

ರುದ್ರಮುನಿ ಬೋರ್ಡಿನ ಚೀಟಿ ಕಿತ್ತ. ಅದರ ಅಡಿಯಲ್ಲಿ ನಿನ್ನೆಯದು, ಅದರ ಅಡಿಯಲ್ಲಿ ಮೊನ್ನೆಯದು. ಎಲ್ಲ ಒಂದಕ್ಕೊಂದು ಅಂಟಿ ಒಣಗಿ, ರೊಟ್ಟಿಯ ದಪ್ಪಕ್ಕೆ ಎದ್ದು ಬಂತು. ಅವನು ಹೊಸ ಹಾಳೆ ಅಂಟಿಸಿ ಬರೆದ: ಇಂದಿನ ನೀರು ಹೇಗಿದೆಯೋ ಗೊತ್ತಿಲ್ಲ. ಪರೀಕ್ಷೆ ಮಾಡಿಲ್ಲ. ಕುದಿಸಿ ಕುಡಿಯಿರಿ. ಕೆಳಗೆ ಸಹಿ ಹಾಕಿದ. ಸಹಿ ಅವನದಲ್ಲವೇನೋ ಎಂಬಂತಿತ್ತು.

ಯಾರೂ ಓದುವುದಿಲ್ಲ ಎಂದು ಹದಿನೈದು ವರ್ಷ ನಂಬಿದ್ದ. ಐದು ನಿಮಿಷದಲ್ಲಿ ಹತ್ತು ಹನ್ನೆರಡು ಜನ ಓದಿದರು.

"ಗೊತ್ತಿಲ್ಲ ಅಂದ್ರೆ ಏನಯ್ಯಾ?" ಒಬ್ಬ ಕೂಗಿದ. "ನಿನ್ನೆ ಗೊತ್ತಿತ್ತಾ?"

"ನಿನ್ನೇನೂ ಗೊತ್ತಿರಲಿಲ್ಲ."

"ಯಾವನೋ ಅವನು ರುದ್ರಮುನಿ? ಕರೀರೋ!"

"ನಾನೇ."

ಒಬ್ಬ ಹೆಂಗಸು ಮುಂದೆ ಬಂದಳು. ಕಂಕುಳಲ್ಲಿ ತುಂಬಿದ ಕೊಡ ಇತ್ತು. ಹೊನ್ನೂರಮ್ಮ ಮೆಲ್ಲಗೆ, "ದುರುಗವ್ವ, ಬ್ಯಾಡ ಬಾರೇ," ಎಂದಳು. ದುರುಗವ್ವ ಕೇಳಿಸಿಕೊಳ್ಳಲಿಲ್ಲ.

"ನಾನು ಓದು ಕಲಿತಿದ್ದು ದೊಡ್ಡೋಳಾದ ಮ್ಯಾಲೆ," ಎಂದಳು ಅವಳು. "ಸಂಜೆ ಶಾಲೇಲಿ. ಅವತ್ತಿಂದ ದಿನಾ ಇದನ್ನ ಓದೇ ನೀರು ಹಿಡಿಯೋದು. ಅಕ್ಷರ ಮರೀಬಾರ್ದು ಅಂತ."

ಅವಳು ಕೊಡವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು.

"ಶ್ರಾವಣದಾಗೆ ನನ್ನ ಮಗಳು ಹೋದ್ಲು. ಕಾಮಾಲೆ. ದೊಡ್ಡಾಸ್ಪತ್ರೇಲಿ ಡಾಕ್ಟ್ರು ಕೇಳಿದ್ರು, ನಿಮ್ಮೂರ ನೀರು ಹೆಂಗೈತಮ್ಮ ಅಂತ. ಚೆನ್ನಾಗೈತೆ ಸಾರ್, ದಿನಾ ಬರೆದು ಹಾಕ್ತಾರೆ, ನಾನೇ ಓದೀನಿ ಅಂದೆ."

ನಲ್ಲಿಯ ನೀರು ಯಾರದೋ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ನಿಲ್ಲಿಸಲು ಯಾರಿಗೂ ತೋಚಲಿಲ್ಲ.

"ನೀರಿಂದಾನಾ?" ದುರುಗವ್ವ ಕೇಳಿದಳು.

"ಗೊತ್ತಿಲ್ಲಮ್ಮ."

"ಈಗ ನೋಡಿ ಹೇಳು."

"ಅವತ್ತಿನ ನೀರು ಈಗ ಇಲ್ಲಮ್ಮ. ನೋಡೋಕಾಗಲ್ಲ."

"ಯಾವತ್ತಾದ್ರೂ ಗೊತ್ತಾಗ್ತದಾ?"

"ಇಲ್ಲ."

ಹೊಡೆಯುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಬಹುಶಃ ರುದ್ರಮುನಿಗೆ ಅದೇ ಬೇಕಾಗಿತ್ತು. ಅವಳು ಕೊಡವನ್ನು ಅವನ ಕಾಲ ಬಳಿ ಬಗ್ಗಿಸಿ ಪೂರ್ತಿ ಸುರಿದಳು. ಖಾಲಿ ಕೊಡ ಹಿಡಿದು ಹೋದಳು.

ಮಧ್ಯಾಹ್ನ ಪರೀಕ್ಷೆಯ ಕೋಣೆಯ ಬೀಗ ಒಡೆಯಬೇಕಾಯಿತು. ತುಕ್ಕು ಹಿಡಿದಿತ್ತು. ಒಳಗಿದ್ದ ಬಾಟಲಿಗಳ ಅವಧಿ ಯಾವತ್ತೋ ಮುಗಿದಿತ್ತು. ಆರೋಗ್ಯ ಕೇಂದ್ರಕ್ಕೆ ಹೋಗಿ ಐದು ಹೊಸ ಬಾಟಲಿ ತಂದ. ಟ್ಯಾಂಕಿನಿಂದ ಒಂದು, ಅದರ ಕೆಳಗಿನ ನಲ್ಲಿಯಿಂದ ಒಂದು, ಮೂರು ಬೀದಿಗಳಿಂದ ಮೂರು. ತುಂಬಿ, ಹೆಸರು ಬರೆದು, ಮೇಜಿನ ಮೇಲೆ ಸಾಲಾಗಿ ಇಟ್ಟ.

ಆಮೇಲೆ ಅವುಗಳ ಮುಂದೆ ಕೂತ. ಹದಿನೈದು ವರ್ಷದಲ್ಲಿ ಅಷ್ಟು ಹೊತ್ತು ಆ ಮೇಜಿನ ಮುಂದೆ ಅವನು ಕೂತಿರಲಿಲ್ಲ.

"ಕಪ್ಪಾಗದೆ ಇರ್ಲಿ ಅಂತ ಬೇಡ್ಕೊಳ್ಳಲಾ, ಅಜ್ಜ?" ಜಗಲಿಯ ಮೇಲೆ ಮಲಗಿದ್ದ ಅಜ್ಜನನ್ನು ಕೇಳಿದ.

"ಬೇಡ್ಕೊ. ಬಾಟಲಿಗೆ ಕಿವಿ ಇದೆಯಾ ನೋಡು ಮೊದಲು."

ಮರುದಿನ ಬೆಳಗಾಗುವಷ್ಟರಲ್ಲಿ ಅಜ್ಜ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗಿ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಟ್ಯಾಂಕಿನ ಬಾಟಲಿ ತಿಳಿಯಾಗಿತ್ತು. ಒಂದು ಬೀದಿಯದೂ ತಿಳಿ. ಉಳಿದ ಮೂರು ಇದ್ದಿಲಿನಂತೆ ಕಪ್ಪು. ಕಪ್ಪಾದ ಒಂದರ ಮೇಲೆ ದುರುಗವ್ವನ ಬೀದಿಯ ಹೆಸರಿತ್ತು.

ರುದ್ರಮುನಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಗೆ ತಂದ. ಅಜ್ಜನ ಮುಂದೆ ಎತ್ತಿ ತೋರಿಸಿದ.

"ನನಗೆ ಆಗಲೇ ಗೊತ್ತಾಯ್ತು," ಎಂದ ಅಜ್ಜ, ಹೊಟ್ಟೆ ಹಿಡಿದುಕೊಂಡು.

ಟ್ಯಾಂಕು ಒಳ್ಳೆಯದು, ನಲ್ಲಿ ಕೆಟ್ಟದ್ದು. ನಡುವೆ ಎಲ್ಲೋ ಪೈಪು ಒಡೆದು ಚರಂಡಿ ಒಳಗೆ ಸೇರುತ್ತಿದೆ. ಅದಕ್ಕೆ ಎಂ.ಎಸ್ಸಿ. ಬೇಕಾಗಿರಲಿಲ್ಲ. ನೋಡಬೇಕಾಗಿತ್ತು, ಅಷ್ಟೆ.

ಟ್ಯಾಂಕಿನ ದೊಡ್ಡ ವಾಲ್ವು ಎಲ್ಲಿದೆ ಎಂದು ಅವನು ಹೊನ್ನೂರಮ್ಮನನ್ನು ಕೇಳಬೇಕಾಯಿತು.

"ನಿಮಗೆ ಗೊತ್ತಿಲ್ವಾ ಸಾರ್?" ಎಂದು ಅವಳು ಮತ್ತೊಮ್ಮೆ ಬೆಚ್ಚಿದಳು.

ಇಬ್ಬರೂ ಸೇರಿ ಚಕ್ರ ತಿರುಗಿಸಿ ನೀರು ನಿಲ್ಲಿಸಿದರು. ಅವನು ಬೋರ್ಡಿಗೆ ಬರೆದ: ಈ ನೀರು ಕುಡಿಯಬೇಡಿ. ಕಪ್ಪಾದ ಮೂರು ಬಾಟಲಿಗಳನ್ನು ಬೋರ್ಡಿನ ಕೆಳಗೆ ಎಲ್ಲರಿಗೂ ಕಾಣುವಂತೆ ಇಟ್ಟ. ಜನ ಬಾಟಲಿ ನೋಡಿದರು. ಆಮೇಲೆ ಒಟ್ಟಿಗೇ ಕೂಗತೊಡಗಿದರು.

ಅಷ್ಟರಲ್ಲಿ ಇಂಜಿನಿಯರ್ ಸಾಹೇಬರ ಫೋನು ಬಂತು. ಹೊನ್ನೂರಮ್ಮ ಫೋನನ್ನು ಕೆಂಡದಂತೆ ಹಿಡಿದು ತಂದು ಕೊಟ್ಟಳು.

"ಯಾರನ್ನ ಕೇಳಿ ವಾಲ್ವು ಮುಚ್ಚಿದೆ? ನೀನು ಅಲ್ಲಿ ಯಾರು?"

"ಬೋರ್ಡಲ್ಲಿ ದಿನಾ ಸಹಿ ಇರುತ್ತಲ್ಲ ಸಾರ್, ಅವನೇ."

ಆ ಕಡೆ ಡ್ರಾಯರ್ ಎಳೆದ ಸದ್ದಾಯಿತು.

"ನೋಡು ರುದ್ರಮುನಿ. ಸಂಬಳದ ಸೆಕ್ಷನ್ನಿನೋರು ನೀನು ಬಿಟ್ಟೆ ಅಂತಾರೆ. ಬೋರ್ಡು ನೀನಿದ್ದೀಯ ಅನ್ನುತ್ತೆ. ನಾನು ಯಾರನ್ನ ನಂಬಲಿ? ನಿನ್ನ ರಾಜೀನಾಮೆ ನನ್ನ ಡ್ರಾಯರಲ್ಲೇ ಇದೆ, ನಾನಿನ್ನೂ ಒಪ್ಪಿಲ್ಲ. ಇವತ್ತೇ ಬರೆದುಕೊಡು. ಬಿಟ್ಟಿದ್ದೀನಿ ಅಂತ ಬರೆದ್ರೆ, ರಾಜೀನಾಮೆ ಹಿಂದಿನ ದಿನಾಂಕದಲ್ಲೇ ಒಪ್ಪಿಬಿಡ್ತೀನಿ. ಚೀಟಿ ಅಂಟಿಸಿದ್ದು ಆ ಅಟೆಂಡರ್ ಹೆಂಗಸು, ಅವಳು ನೋಡ್ಕೋತಾಳೆ. ನಿನಗೂ ಇದಕ್ಕೂ ಸಂಬಂಧ ಇಲ್ಲ. ಇದ್ದೀನಿ ಅಂತ ಬರೆದ್ರೆ ವಿಚಾರಣೆ ನಿನ್ನ ತಲೆ ಮೇಲೆ. ಜೈಲೂ ಆಗಬಹುದು. ಯೋಚನೆ ಮಾಡು."

ಫೋನು ಜೋರಾಗಿ ಮಾತಾಡುತ್ತಿತ್ತು. ಹೊನ್ನೂರಮ್ಮ ಪಕ್ಕದಲ್ಲೇ ಇದ್ದಳು. ಅವಳು ಫೋನು ವಾಪಸ್ಸು ಇಸಿದುಕೊಂಡಳು. ಅವನ ಮುಖ ನೋಡಲಿಲ್ಲ.

ರುದ್ರಮುನಿ ಬಸ್ ಸ್ಟ್ಯಾಂಡಿಗೆ ಓಡಿದ. ಆಶ್ರಮಕ್ಕೆ ಹೊರಟಿದ್ದ ಅಜ್ಜ ಅಲ್ಲಿ ಕಲ್ಲುಬೆಂಚಿನ ಮೇಲೆ ಬಗ್ಗಿ ಕೂತಿದ್ದ. ಮುಖ ಬಿಳಚಿಕೊಂಡಿತ್ತು. ರುದ್ರಮುನಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ.

"ಆ ಮೂರು ಬಾಟಲಿ ನೋಡಿದಾಗಿಂದ ನನಗೆ ತಲೆ ಓಡ್ತಿಲ್ಲ, ಅಜ್ಜ. ನಾನು ಈ ಕೆಲಸಕ್ಕೆ ಹುಟ್ಟಿದೋನಲ್ಲ. ಅದು ನಿಜ. ಅದನ್ನ ನಾನು ಕಷ್ಟಪಟ್ಟು ಕಂಡುಕೊಂಡಿದ್ದೀನಿ."

ಅಜ್ಜ ತಲೆಯಾಡಿಸಿದ. ಒಪ್ಪಿದನೋ ಹೊಟ್ಟೆನೋವೋ ತಿಳಿಯಲಿಲ್ಲ.

ಬಸ್ಸು ಬಂತು. ಅಜ್ಜ ಎದ್ದ. ಕಂಡಕ್ಟರ್ ಕೈಹಿಡಿದು ಮೇಲೆ ಎಳೆದುಕೊಂಡ. ರುದ್ರಮುನಿಯೂ ಮೆಟ್ಟಿಲಿಗೆ ಕಾಲಿಡಹೋದ. ಅಜ್ಜ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ, ಸರಿಯಲಿಲ್ಲ.

"ಹೇಳಿ ಅಜ್ಜ. ಬಿಟ್ಟಿದ್ದೀನಿ ಅಂತ ಬರೀಲಾ? ಇದ್ದೀನಿ ಅಂತ ಬರೀಲಾ?"

"ಆ ಕೆಲಸಕ್ಕೆ ನೀನು ಇನ್ನೂ ಸೇರೇ ಇಲ್ಲವಲ್ಲೋ," ಎಂದ ಅಜ್ಜ. "ಬಿಡೋ ಮಾತೆಲ್ಲಿಂದ ಬಂತು?"